ಪಂಕ್ತಿ ಇಳಿಸಿದವನ ಬುತ್ತಿ

ಕಬಡ್ಡಿ ಅಂಪೈರಾಗಲು ಹೊರಟಿರುವ ಹುಡುಗರಿಗೆ ಮೊದಲ ಮಾತು: ಬುತ್ತಿ ಕಟ್ಟಿಕೊಂಡು ಹೋಗಿ. ಆಟ ನಡೆಯುವ ಊರಿನಲ್ಲಿ ಯಾರೇ ಕರೆಯಲಿ, ಎಷ್ಟೇ ಹಸಿವಾಗಿರಲಿ, ಒಬ್ಬರ ಮನೆಯ ಜಗಲಿಯನ್ನೂ ಹತ್ತಬೇಡಿ. ಕುಡಿಯುವ ನೀರೂ ನಿಮ್ಮದೇ ಇರಲಿ.

ನಮ್ಮ ನಾಲ್ಕು ತಾಲ್ಲೂಕಿನ ಕಬಡ್ಡಿ ಪಂದ್ಯಾವಳಿಯ ಈಗಿನ ಕಮಿಟಿಯವರು ನನ್ನನ್ನು ಕೇಳಿದ್ದು ಇದನ್ನಲ್ಲ. ಪಟ್ಟಿಯಲ್ಲಿ ಕೊನೆಗೆ ನಿಂತ ಊರನ್ನು ಎರಡನೇ ಪಂಕ್ತಿಗೆ, ಅಂದರೆ ಕೆಳಗಿನ ಗುಂಪಿಗೆ, ಇಳಿಸುವ ನಿಯಮ ಇರಬೇಕೋ ತೆಗೆಯಬೇಕೋ ಎಂದು ಜಗಳ ಹತ್ತಿದೆಯಂತೆ. ಹಳಬರು ನೀವು, ಅಭಿಪ್ರಾಯ ಬರೆದುಕೊಡಿ, ಹಾಗೇ ಹೊಸ ಅಂಪೈರುಗಳಿಗೆ ಉಪಯೋಗವಾಗುವಂತೆ ನಿಮ್ಮ ಅನುಭವವನ್ನೂ ಸೇರಿಸಿ, ಅರ್ಧ ಪುಟ ಸಾಕು ಎಂದರು. ಅರ್ಧ ಪುಟದಲ್ಲಿ ಮುಗಿಯುವ ವಿಷಯವಾಗಿದ್ದರೆ ನಾನು ಇಷ್ಟು ವರ್ಷ ಕಂಡವರ ಊರಿನ ಮರದಡಿ ಒಬ್ಬನೇ ಕೂತು ಉಣ್ಣುತ್ತಿರಲಿಲ್ಲ.

ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿಯವನು. ಹೆಸರು ಪುಟ್ಟಸ್ವಾಮಿ. ಪಾಂಡವಪುರ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಪಿ.ಟಿ. ಮೇಷ್ಟ್ರ ಬಾಳು ಗೊತ್ತಲ್ಲ. ಬಿಸಿಲಾದರೆ 'ಮಕ್ಕಳಿಗೆ ತಲೆನೋವು ಬರ್ತದೆ', ಮಳೆಯಾದರೆ 'ನೆಗಡಿ ಬರ್ತದೆ' ಅಂತ ನಮ್ಮ ಹೆಡ್ಮೇಷ್ಟ್ರು ನನ್ನ ಪೀರಿಯಡ್ಡನ್ನು ಗಣಿತದವರಿಗೆ ಕೊಟ್ಟುಬಿಡುತ್ತಿದ್ದರು. ಗಣಿತದಿಂದ ಯಾವ ಮಗುವಿಗೂ ತಲೆನೋವು ಬರುವುದಿಲ್ಲ ಎಂದು ಅವರಿಗೆ ಯಾರು ಹೇಳಿದ್ದರೋ! ಸ್ಕೂಲಿನಲ್ಲಿ ನನ್ನ ವಿಷಲ್ಲಿಗೆ ಬೆಲೆ ಇರಲಿಲ್ಲ. ಭತ್ತ ಮನೆ ಸೇರಿ ಸಂಕ್ರಾಂತಿ ಕಳೆದ ಮೇಲೆ ಉಗಾದಿಯವರೆಗೆ, ಭಾನುವಾರ ಭಾನುವಾರ, ಕಬಡ್ಡಿ ಅಂಕಣದಲ್ಲಿ ಮಾತ್ರ ಅದಕ್ಕೆ ಬೆಲೆ ಇತ್ತು. ಅಲ್ಲಿ ನಾನು ಊದಿದರೆ ಇಡೀ ಊರು ಬಾಯಿ ಮುಚ್ಚುತ್ತಿತ್ತು, ಇಲ್ಲವೇ ಇಡೀ ಊರು ನನ್ನ ಮೇಲೆ ಬಾಯಿ ಬಿಡುತ್ತಿತ್ತು.

ಕೆಲಸ ಕಲಿಸಿದವರು ಕೆ.ಆರ್. ಪೇಟೆಯ ರಂಗಪ್ಪ ಮೇಷ್ಟ್ರು. ನೀರಿನ ನೇಮ ಅವರದೇ. ನಾನು ಮೊದಲ ಸಲ ವಿಷಲ್ ಹಿಡಿದ ದಿನ, ಯಾರೋ ತಂದುಕೊಟ್ಟ ಮಜ್ಜಿಗೆಗೆ ಕೈ ಚಾಚಿದೆ. ಅವರು ಲೋಟವನ್ನು ಹಾಗೇ ವಾಪಸ್ಸು ಕಳಿಸಿದರು.

"ನೀರ್ ಕುಡ್ದ್ ಊರಲ್ಲಿ ವಿಷಲ್ ಊದಕ್ಕೆ ಬಾಯಿ ಬರಾಕಿಲ್ಲ ಕಣ್ಲಾ. ಇವತ್ತು ಮಜ್ಗೆ, ನಾಳೀಕೆ ಮುದ್ದೆ, ನಾಡಿದ್ದು ಬಾಡೂಟ. ಆಮೇಕೆ ಅವ್ನ ಕಾಲು ಗೆರೆ ದಾಟಿದ್ರೂ ನಿನ್ ಕಣ್ಗೆ ಕಾಣಾಕಿಲ್ಲ."

ಉಗಾದಿ ಕಳೆದ ಮೇಲೆ ಎಲ್ಲಿ ಬೇಕಾದರೂ ಉಣ್ಣು, ಯಾರ ಮನೆಯಲ್ಲಿ ಬೇಕಾದರೂ ಮಲಗು, ಆಟದ ಕಾಲದಲ್ಲಿ ಮಾತ್ರ ನೀನು ಯಾರ ನೆಂಟನೂ ಅಲ್ಲ ಎಂದರು. ನಾನು ಅದನ್ನು ನಿವೃತ್ತಿಯಾಗುವ ತನಕ ಒಂದು ಸಲವೂ ಮುರಿಯಲಿಲ್ಲ.

ಆಗ ಮೂವತ್ತು ಸೆಕೆಂಡಿನ ಗಡಿಯಾರ ಇಟ್ಟುಕೊಂಡು ಕೂರುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ದಾಳಿಗೆ ಹೋದವನ ದಮ್ಮು ಮುಗಿಯಿತೋ ಇಲ್ಲವೋ ಎನ್ನುವುದನ್ನು ಅಂಪೈರು ಕಿವಿಯಿಂದಲೇ ಹಿಡಿಯಬೇಕಿತ್ತು. 'ಕಬಡ್ಡಿ ಕಬಡ್ಡಿ' ಎನ್ನುತ್ತ ಹೋದವನು ನಡುವೆ ಕಳ್ಳತನದಿಂದ ಒಂದು ಉಸಿರು ಎಳೆದುಕೊಳ್ಳುತ್ತಾನೆ. ಸುತ್ತ ಸಾವಿರ ಜನ ಕೂಗುತ್ತಿರುವಾಗ ಆ ಒಂದು ಉಸಿರು ನಿನಗೆ ಕೇಳಬೇಕು. ಈಗಲೂ ನನಗೆ ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಕೇಳುವುದಿಲ್ಲ, ಯಾರಾದರೂ ಮಾತಿನ ನಡುವೆ ಉಸಿರು ಎಳೆದುಕೊಂಡರೆ ಥಟ್ಟನೆ ಕೇಳುತ್ತದೆ.

ಎಡವಿದ್ದೂ ಇದೆ. ಕಿಕ್ಕೇರಿಯಲ್ಲಿ ಒಮ್ಮೆ ಬೂದಿಯಲ್ಲಿ ಹಾಕಿದ ಗೆರೆ ಗಾಳಿಗೆ ಹಾರಿಹೋಗಿತ್ತು. ಗೆರೆ ಎಲ್ಲಿತ್ತು ಎಂದು ನೆನಪಿನ ಮೇಲೆ ನಿಂತು, ಒಬ್ಬನನ್ನು ಔಟ್ ಎಂದುಬಿಟ್ಟೆ. ಎರಡೂ ಕಡೆಯವರು ನುಗ್ಗಿದರು. ಅಂಕಣದ ಪಕ್ಕದ ಮನೆಯ ಅಜ್ಜಿಯೊಬ್ಬಳು ಕೂತಲ್ಲಿಂದಲೇ, "ಲೇ ಪೀಪಿ ಮೇಷ್ಟ್ರೆ, ಗೆರೆ ಅಲ್ಲಿದ್ದಿದ್ದು ಕಣಪ್ಪ, ನನ್ ಕೋಳಿ ಕೆದ್ರ್ತಾ ಇತ್ತು ನೋಡು, ಅಲ್ಲಿ" ಎಂದಳು. ಕೋಳಿಯೂ ಅಲ್ಲಿಯೇ ನಿಂತಿತ್ತು! ಜನ ನಗುತ್ತ ನಗುತ್ತ ಜಗಳ ಮರೆತರು, ಇಲ್ಲದಿದ್ದರೆ ಅವತ್ತು ನನ್ನ ಮೂಳೆ ಎಣಿಸಬೇಕಾಗುತ್ತಿತ್ತು. ಮುಂದಿನ ವಾರದಿಂದ ತೆಂಗಿನ ಹಗ್ಗ ಎಳೆದು ಮೊಳೆ ಹೊಡೆಸಿ ಗೆರೆ ಮಾಡಿಸಿದೆ.

ನನ್ನ ಬುತ್ತಿ ಕಟ್ಟುತ್ತಿದ್ದವಳು ಹೆಂಡತಿ ಜಯಮ್ಮ. ಸ್ಟೀಲಿನ ಎರಡು ಅಂತಸ್ತಿನ ಡಬ್ಬಿ. ಕೆಳಗೆ ಮುದ್ದೆ ಸಾರು, ಮೇಲೆ ಮೊಸರನ್ನ. ಅವಳ ತವರು ಪಾಂಡವಪುರದ ಕಡೆ, ನೆಂಟರೆಲ್ಲ ಆಟ ನಡೆಯುವ ಊರುಗಳಲ್ಲೇ. ಮದುವೆಗಳು ಬರುವುದೂ ಆಟದ ಕಾಲದಲ್ಲೇ ಅಲ್ಲವೇ? ನಾನು ಹೋಗುತ್ತಿರಲಿಲ್ಲ, ಅವಳೊಬ್ಬಳೇ ಹೋಗಿ ಬರುತ್ತಿದ್ದಳು. ಕ್ರಮೇಣ ಅವಳನ್ನು ಕರೆಯುವುದನ್ನೂ ಜನ ಬಿಟ್ಟರು. ನಾನು ಸೋಲಿಸಿದ ಊರಿನ ಕಂಡಕ್ಟರನೊಬ್ಬ ಒಂದು ವರ್ಷ ಪೂರ್ತಿ ನನ್ನನ್ನು ಕಂಡರೆ ಬಸ್ಸು ನಿಲ್ಲಿಸುತ್ತಿರಲಿಲ್ಲ. ಒಂದು ದಿನ ಅವಳೂ ಜೊತೆಗಿದ್ದಳು. ಬಸ್ಸು ಧೂಳು ಎಬ್ಬಿಸಿಕೊಂಡು ಹೋದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ನಿಮ್ ಜೊತೆ ಬಂದ್ರೆ ನಂಗೂ ಒಂದ್ ಲೋಟ ನೀರು ಸಿಗಾಕಿಲ್ಲ ಕಣ್ರೀ."

ನಗುತ್ತಲೇ ಹೇಳಿದ್ದಳು. ನಾನೂ ನಕ್ಕಿದ್ದೆ.

ಇನ್ನು ಪಂಕ್ತಿಯ ವಿಷಯ. ಮೊದಲು ನಮ್ಮ ಪಂದ್ಯಾವಳಿ ಒಂದೇ ಏಟಿನದು. ಸೋತವನು ಮನೆಗೆ. ನಾಗಮಂಗಲದ ಆಚೆಯ ಹುಡುಗರು ಟ್ರಾಕ್ಟರು ಹತ್ತಿ ಹೊಟ್ಟೆ ಕುಲುಕಿಸಿಕೊಂಡು ಬಂದು, ಒಂದು ಆಟ ಸೋತು, ಬೆವರು ಆರುವ ಮೊದಲೇ ಅದೇ ಟ್ರಾಕ್ಟರು ಹತ್ತುತ್ತಿದ್ದರು. ಇದು ಅನ್ಯಾಯ, ಎಲ್ಲರೂ ಎಲ್ಲರ ಜೊತೆ ಆಡಲಿ ಎಂದಾಯಿತು. ಊರುಗಳು ಹೆಚ್ಚಾದವು, ಭಾನುವಾರಗಳು ಸಾಲಲಿಲ್ಲ. ಆಗ ಎರಡು ಗುಂಪು ಮಾಡಿದೆವು. ಮೇಲಿನ ಗುಂಪಿನವರಿಗೆ ಅವರವರ ಊರಿನಲ್ಲೇ ಆಟ, ಜನ, ಮೈಕು, ಬಾಳೆಕಂಬ. ಪೊಲೀಸು, ರೈಲ್ವೆ ಕಡೆಯ ತಂಡದವರು ಒಳ್ಳೆಯ ಹುಡುಗರನ್ನು ಹುಡುಕಿಕೊಂಡು ಬರುತ್ತಿದ್ದದ್ದೂ ಅಲ್ಲಿಗೇ. ಕೆಳಗಿನ ಗುಂಪಿನವರಿಗೆ ಎಲ್ಲ ಆಟವೂ ಕೆ.ಆರ್. ಪೇಟೆಯ ಒಂದು ಮೈದಾನದ ಮೂಲೆಯಲ್ಲಿ. ನೋಡಲು ನಾಯಿಯೂ ಬರುತ್ತಿರಲಿಲ್ಲ. ವರ್ಷದ ಕೊನೆಗೆ ಮೇಲಿನವರಲ್ಲಿ ಕಡೆಯವರು ಇಳಿಯಬೇಕು, ಕೆಳಗಿನವರಲ್ಲಿ ಮೊದಲಿನವರು ಹತ್ತಬೇಕು.

ಕಮಿಟಿ ಅಧ್ಯಕ್ಷರು ನಾಗಮಂಗಲದ ಶೇಷಣ್ಣ. ದೇವಸ್ಥಾನದ ಮನೆತನದವರು, ತಾಲ್ಲೂಕು ಆಫೀಸಿನಲ್ಲಿ ಇದ್ದವರು. ಕಬಡ್ಡಿ ಆಡಿದವರಲ್ಲ, ಆದರೆ ನಿಯಮ ಬರೆಯುವುದೆಂದರೆ ಅವರಿಗೆ ಹೋಳಿಗೆ ತಿಂದ ಹಾಗೆ. ಅವರು 'ಪ್ರಥಮ ವಿಭಾಗ, ದ್ವಿತೀಯ ವಿಭಾಗ' ಎಂದು ಬರೆದರು. ಕಿಕ್ಕೇರಿ ತಂಡದ ರಾಜಣ್ಣ, ಡೇರಿಯಲ್ಲಿ ಹಾಲು ಅಳೆಯುವವನು, ಎದ್ದು ನಿಂತ.

"ವಿಭಾಗ ಗಿಭಾಗ ಯಾಕ್ ಸ್ವಾಮಿ, ಮೊದ್ಲು ಪಂಕ್ತಿ, ಎಲ್ಡನೇ ಪಂಕ್ತಿ ಅನ್ನಿ. ಎಲ್ಡನೇ ಪಂಕ್ತೀಲಿ ಕುಂತೋರ್ಗೆ ಪಾಯ್ಸ ಮುಗ್ದೋಗಿರ್ತದೆ. ಎಲ್ರಿಗೂ ಅರ್ತ ಆಯ್ತದೆ."

"ಪಂಕ್ತಿಭೇದ ಅಂತ ಜನ ಆಡಿಕೊಳ್ಳುತ್ತಾರಪ್ಪಾ" ಎಂದರು ಶೇಷಣ್ಣ. ಯಾರೂ ಕೇಳಲಿಲ್ಲ. ಹೆಸರು ನಿಂತುಬಿಟ್ಟಿತು.

ಇಲ್ಲಿ ಬೋರನ ಬಗ್ಗೆ ಹೇಳಬೇಕು. ಚಿನಕುರಳಿಯ ಬೋರೇಗೌಡ. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ತಂಡ. ಅವನು ದಾಳಿಗೆ, ನಾನು ಮೂಲೆಯಲ್ಲಿ ಕಾಲು ಹಿಡಿಯಲು. ಆಮೇಲೆ ನಾನು ಮೇಷ್ಟ್ರಾದೆ, ಅವನು ಕಬ್ಬು ಹಾಕಿಕೊಂಡು ಊರಿನಲ್ಲೇ ಉಳಿದು ಚಿನಕುರಳಿ ತಂಡ ಕಟ್ಟಿದ. ಅವನಿಗೆ ನಾನು 'ಲೇ ಬೋರ', ನನಗೆ ಅವನು 'ಲೇ ಪುಟ್ಟ'. ಬೈಗುಳವಿಲ್ಲದೆ ನಾವು ಒಂದು ಮಾತು ಆಡಿದ್ದು ನೆನಪಿಲ್ಲ. ಅವನ ತಾಯಿ ಚಿಕ್ಕತಾಯಮ್ಮ ನನಗೂ ತಾಯಿಯೇ. ಆಟದ ಕಾಲದಲ್ಲಿ ಅವರ ಬಾಗಿಲ ಮುಂದೆ ಹಾದು ಹೋಗುವಾಗ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ. ಆ ತಾಯಿ ಬಿಡುತ್ತಿರಲಿಲ್ಲ.

"ಏನ್ಲಾ ಮಗ, ಉಗಾದಿ ತಂಕ ನನ್ ಕೈ ನೀರು ಇಸವೇನ್ಲಾ?"

"ಉಗಾದಿ ಆಗ್ಲಿ ಬತ್ತೀನಿ ಕಣವ್ವ."

"ಬಾ, ಬಾ. ಅಷ್ಟೊತ್ಗೆ ನಾನೇ ಇರ್ತೀನೋ ಇಲ್ವೋ."

ಪ್ರತಿ ವರ್ಷ ಅದೇ ಮಾತು. ಹಬ್ಬ ಆದ ಮಾರನೆಯ ದಿನ ಹೊಸತೊಡಕು, ಬಾಡೂಟದ ದಿನ. ಅವತ್ತು ಅವರ ಮನೆಯಲ್ಲಿ ನಾನು ಉಂಡು ಏಳಲಾರದೆ ಜಗಲಿಯ ಮೇಲೇ ಮಲಗಿಬಿಡುತ್ತಿದ್ದೆ.

ಹಳ್ಳಿಯಲ್ಲಿ ಸಾವಾದರೆ, ಮಣ್ಣಾಗುವ ತನಕ ಆ ಊರಿನವರು ಆಟ ಆಡುವುದಿಲ್ಲ. ಇದು ಯಾರೂ ಬರೆದ ನಿಯಮವಲ್ಲ, ನಡೆದುಕೊಂಡು ಬಂದದ್ದು. ನಾವೂ ಅಂಥ ದಿನ ಆಟ ಮುಂದಕ್ಕೆ ಹಾಕುತ್ತಿದ್ದೆವು. ಒಂದು ವರ್ಷ ಒಂದು ಊರಿನವರು, ಹೆಸರು ಹೇಳುವುದಿಲ್ಲ, ಈಗಲೂ ದೊಣ್ಣೆ ಹಿಡಿದು ಬಂದಾರು, ಅವರ ಮುಖ್ಯ ಆಟಗಾರನ ಕಾಲು ಉಳುಕಿದ ವಾರವೇ 'ಊರಲ್ಲಿ ಸಾವು' ಎಂದು ಹೇಳಿ ಕಳಿಸಿದರು. ಆಟ ಮುಂದಕ್ಕೆ ಹೋಯಿತು, ಕಾಲು ವಾಸಿಯಾಯಿತು, ಗೆದ್ದರು. ಆಮೇಲೆ ನೋಡಿದರೆ ಸತ್ತಿದ್ದಾಳೆ ಎಂದ ಅಜ್ಜಿ ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದಾಳೆ! ಬೋರ ಕಮಿಟಿ ಸಭೆಯಲ್ಲಿ ಮೇಜು ಕುಟ್ಟಿದ.

"ಇಂಗೇ ಬುಟ್ರೆ ಭಾನ್ವಾರಕ್ಕೊಂದು ಅಜ್ಜಿ ಸಾಯ್ತಾಳೆ ಕಣ್ರೋ. ಬರ್ನಿಲ್ವಾ, ಸೋತ. ಯಾಕ್ ಬರ್ನಿಲ್ಲ ಅಂತ ಕೇಳಂಗೇ ಇಲ್ಲ. ಬರ್ಕೊಳಿ ಶೇಷಣ್ಣೋರೇ."

ಶೇಷಣ್ಣ ಖುಷಿಯಿಂದ ಬರೆದುಕೊಂಡರು. ಮರುವರ್ಷ ಕಾವೇರಿ ಗಲಾಟೆಯಲ್ಲಿ ರಸ್ತೆ ಬಂದ್ ಆಗಿ, ಒಂದು ಭಾನುವಾರ ಯಾವ ತಂಡವೂ ಎಲ್ಲಿಗೂ ಹೋಗಲಾಗಲಿಲ್ಲ. ಈ ನಿಯಮದ ಪ್ರಕಾರ ಎಲ್ಲರೂ ಸೋತ ಹಾಗಾಯಿತು. ಗೆದ್ದವರೇ ಇಲ್ಲ! ಆಗ ನಾನು ಇನ್ನೊಂದು ಸಾಲು ಸೇರಿಸಲು ಹೇಳಿದೆ: ಎರಡೂ ತಂಡ ಬರದಿದ್ದರೆ ಸೋಲು ಯಾರಿಗೂ ಇಲ್ಲ, ಆಟ ಇನ್ನೊಂದು ಭಾನುವಾರ. ಬಂದ್ ದಿನಕ್ಕೆಂದು ಬರೆಸಿದ ಸಾಲು ಅದು. ಬೇರೆ ಯಾವುದಕ್ಕೂ ಬಂದೀತು ಎಂದು ನನಗೆ ಹೊಳೆದೇ ಇರಲಿಲ್ಲ.

ಇವೆಲ್ಲ ಆದ ಕೆಲವು ವರ್ಷಗಳ ಮೇಲೆ ಆ ಭಾನುವಾರ ಬಂತು. ಕಿಕ್ಕೇರಿಯಲ್ಲಿ ಕಿಕ್ಕೇರಿಗೂ ಚಿನಕುರಳಿಗೂ ಕೊನೆಯ ಆಟ. ಸೋತವರು ಇಳಿಯುತ್ತಾರೆ. ಚಿನಕುರಳಿಯವರ ಬಳಿ ಆ ವರ್ಷ ಗಾಳಿಯಂಥ ಒಬ್ಬ ದಾಳಿಗಾರನಿದ್ದ. ಆಡಿದ್ದರೆ ಗೆಲ್ಲುತ್ತಿದ್ದರು, ರಾಜಣ್ಣನಿಗೂ ಅದು ಗೊತ್ತಿತ್ತು. ನಾನು ಹಗ್ಗದ ಗೆರೆ ಎಳೆಸುತ್ತಿದ್ದೆ. ಮೊಬೈಲಿಗೆ ಕರೆ ಬಂತು. ಚಿಕ್ಕತಾಯಮ್ಮ ಬೆಳಿಗ್ಗೆ ಹೋಗಿಬಿಟ್ಟಿದ್ದರು.

ಅಂಕಣದ ನಡುವೆ ನಿಂತಿದ್ದೆ. ಒಂದು ಕಡೆ ಕಿಕ್ಕೇರಿಯ ಹುಡುಗರು ತೊಡೆ ತಟ್ಟಿಕೊಂಡು ಸಾಲಾಗಿ ನಿಂತಿದ್ದಾರೆ, ಇನ್ನೊಂದು ಕಡೆ ಬರೀ ಮಣ್ಣು. ಕಾಯಬೇಕಾದಷ್ಟು ಹೊತ್ತು ಕಾದೆ. ವಿಷಲ್ ಊದಿದೆ. ಕಿಕ್ಕೇರಿಗೆ ಗೆಲುವು ಎಂದು ಕೈ ಎತ್ತಿದೆ. ಆಮೇಲೆ ಪೇಟೆಗೆ ಬಂದು ಬಸ್ಸು ಬದಲಾಯಿಸಿ ಚಿನಕುರಳಿಗೆ ಓಡಿದೆ. ಮಣ್ಣು ಮುಗಿದು ಜನ ಸ್ನಾನ ಮಾಡಿ ಬರುತ್ತಿದ್ದರು. ಆ ತಾಯಿಗೆ ಒಂದು ಹಿಡಿ ಮಣ್ಣು ಹಾಕಲೂ ನನಗೆ ಸಿಗಲಿಲ್ಲ. ಬೋರ ಒದ್ದೆ ಪಂಚೆಯಲ್ಲಿ ನಿಂತಿದ್ದ.

"ಊದ್ಬುಟ್ಟಾ?" ಎಂದ.

"ಊದ್ದೆ ಕಣ್ಲಾ."

ತಲೆ ಆಡಿಸಿ ಒಳಗೆ ಹೋದ.

ಮುಂದಿನ ವಾರ ಪೇಟೆಯಲ್ಲಿ ಕಮಿಟಿ ಸೇರಿತು. ಶೇಷಣ್ಣನವರು ತಾವೇ ಬರೆದುಕೊಂಡಿದ್ದ ನಿಯಮವನ್ನು ಮಡಿಸಿ ಪಕ್ಕಕ್ಕಿಟ್ಟರು. "ಮನುಷ್ಯತ್ವ ಅಂತ ಒಂದಿದೆ. ತಾಯಿ ಸತ್ತ ದಿನ ಯಾರು ಬರುತ್ತಾರೆ? ಇನ್ನೊಂದು ಸಲ ಆಡಿಸೋಣ" ಎಂದರು. ರಾಜಣ್ಣನ ಕಣ್ಣಲ್ಲಿ ನೀರಿತ್ತು. ಆದರೂ ಎದ್ದ.

"ಆ ಯವ್ವ ನಂಗೂ ಮುದ್ದೆ ಇಕ್ಕವ್ಳೆ ಸ್ವಾಮಿ. ಆದ್ರೆ ನಮ್ಮ್ ಹುಡುಗ್ರು ಬಿಸ್ಲಲ್ಲಿ ಬಂದ್ ನಿಂತಿದ್ರು. ಅವರ್ಗೆ ಏನೇಳ್ಲಿ? ನೀವ್ ಬಂದಿದ್ದೇ ತಪ್ಪು ಕಣ್ರಲಾ ಅನ್ಲಾ?"

ಒಬ್ಬರು ಆಡಿಸೋಣ ಎಂದರು, ಒಬ್ಬರು ಬೇಡ ಎಂದರು. ಬೋರನನ್ನು ಕೇಳಿದರೆ, "ರೂಲ್ಸು ನಂದೇ. ನಾನೇನೂ ಮಾತಾಡಾಕಿಲ್ಲ" ಎಂದ. ಉಳಿದವನು ನಾನು, ಮುಖ್ಯ ಅಂಪೈರು. ನೀವು ಹೇಳಿದ ಹಾಗೆ ಆಗಲಿ ಎಂದರು ಶೇಷಣ್ಣ. ಬೋರ ನನ್ನ ಮುಖ ನೋಡಿದ. ಅವನು ಬಾಯಿ ಬಿಟ್ಟು ಕೇಳುವವನಲ್ಲ. ಕೇಳದೇ ಇದ್ದದ್ದನ್ನು ನಾನು ಕೇಳಿಸಿಕೊಂಡೆ. ಅವನು ಒಂದು ಉಸಿರು ಎಳೆದುಕೊಂಡದ್ದು ನನ್ನ ಕಿವಿಗೆ ಬಿತ್ತು.

"ನಿಯಮದಲ್ಲಿ ಕಾರಣ ಕೇಳೋ ಹಾಗಿಲ್ಲ" ಎಂದೆ. "ಕಿಕ್ಕೇರಿ ಉಳಿಯುತ್ತದೆ. ಚಿನಕುರಳಿ ಇಳಿಯುತ್ತದೆ."

ಬೋರ ಟವಲನ್ನು ಹೆಗಲಿಗೆ ಹಾಕಿಕೊಂಡು ಎದ್ದ. "ಆಯ್ತು ಮೇಷ್ಟ್ರೆ, ಬತ್ತೀನಿ" ಎಂದ.

ಮೇಷ್ಟ್ರೆ! ಹುಟ್ಟಿದಾಗಿನಿಂದ ಅವನು ನನಗೆ ಹಾಗೆ ಅಂದಿರಲಿಲ್ಲ. ನಮ್ಮ ಕಡೆ ಸ್ನೇಹದೊಳಕ್ಕೆ ಮರ್ಯಾದೆ ಬಂತು ಅಂದರೆ ಸ್ನೇಹ ಎದ್ದು ಹೋಯಿತು ಅಂತಲೇ. ಹಬ್ಬವಾದ ಮೇಲೆ ಎಂದಿನಂತೆ ಅವನ ಮನೆಗೆ ಹೋದೆ. ಜಗಲಿಯ ಮೇಲೆ ಕೂರಲು ಹೋದರೆ, "ಕುರ್ಚಿ ತಕಬಾ, ಮೇಷ್ಟ್ರು ಬಂದವ್ರೆ" ಎಂದು ಹೆಂಡತಿಗೆ ಹೇಳಿದ. ನೆಂಟರಿಗೆ ಕೊಡುವ ಲೋಟದಲ್ಲಿ ಕಾಫಿ ಕೊಟ್ಟರು. ಮಳೆ, ಕಬ್ಬು, ನಾಲೆಯ ನೀರು ಎಂದು ಮಾತಾಡಿದೆವು. ಕುಡಿದು ಎದ್ದು ಬಂದೆ. ಮತ್ತೆ ಹೋಗಲಿಲ್ಲ.

ಚಿನಕುರಳಿಯ ಆ ದಾಳಿಗಾರ ಮರುವರ್ಷವೇ ಮೇಲಿನ ಪಂಕ್ತಿಯ ಇನ್ನೊಂದು ಊರಿಗೆ ಹೋಗಿ ಸೇರಿಕೊಂಡ. ಕೆಳಗೆ ಇದ್ದವನನ್ನು ನೋಡಲು ಯಾರು ಬರುತ್ತಾರೆ? ಅವನ ತಪ್ಪಲ್ಲ. ಬೋರ ಹೊಸ ಹುಡುಗರನ್ನು ಸೇರಿಸಿ, ಪೇಟೆಯ ಮೈದಾನದ ಮೂಲೆಯಲ್ಲಿ ಖಾಲಿ ಗಾಳಿಗೆ ಆಡಿಸಿ, ಮತ್ತೆ ಮೇಲೆ ಬರಲು ವರ್ಷಗಳೇ ಹಿಡಿದವು.

ತಪ್ಪೊಪ್ಪಿಗೆ ಬರೆಯುತ್ತಿದ್ದಾನೆ ಮುದುಕ ಎಂದುಕೊಳ್ಳಬೇಡಿ. ಅವತ್ತು ನಾನು ಮಾಡಿದ್ದು ಸರಿ. ಇವತ್ತು ಅದೇ ಸಭೆಯಲ್ಲಿ ಕೂರಿಸಿದರೂ ಅದನ್ನೇ ಹೇಳುತ್ತೇನೆ. ಗೆಳೆಯನ ತಾಯಿಗೆ ಒಂದು ನಿಯಮ, ಕಂಡವರ ತಾಯಿಗೆ ಒಂದು ನಿಯಮ ಮಾಡಿದರೆ ಆಮೇಲೆ ವಿಷಲ್ಲಿಗೂ ಮಕ್ಕಳ ಪೀಪಿಗೂ ವ್ಯತ್ಯಾಸವಿಲ್ಲ. ಆದರೆ ಸರಿ ಮಾಡಿದವನ ಮನೆಗೆ ಯಾರೂ ಬರುವುದಿಲ್ಲ, ಇದನ್ನು ನನಗೆ ರಂಗಪ್ಪ ಮೇಷ್ಟ್ರು ಹೇಳಿರಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಿವೃತ್ತನಾದೆ. ಹಾರ ಹಾಕಿದರು, ಶಾಲು ಹೊದಿಸಿದರು, ಬಿಟ್ಟರು. ಆಟವೂ ಬದಲಾಯಿತು. ಮಣ್ಣು ಹೋಗಿ ಮ್ಯಾಟು ಬಂತು, ಬರಿಗಾಲು ಹೋಗಿ ಶೂ ಬಂತು, ದಮ್ಮು ಕೇಳುವ ಕಿವಿ ಹೋಗಿ ಗಡಿಯಾರ ಬಂತು. ಅಂಪೈರು ಔಟ್ ಎಂದರೆ ಹತ್ತು ಜನ ಮೊಬೈಲು ಹಿಡಿದು 'ನೋಡಿ ಸಾ, ನೋಡಿ ಸಾ' ಎಂದು ಬರುತ್ತಾರೆ. ಒಳ್ಳೆಯದೇ, ಕೋಳಿಗಿಂತ ವಾಸಿ. ನಾನು ಮಾತ್ರ ಉಗಾದಿಗೆ ಮೊದಲೂ ಆಮೇಲೂ ಒಂದೇ ಥರ ಆಗಿಬಿಟ್ಟೆ. ಈಗ ಯಾರ ಮನೆಯಲ್ಲಿ ಬೇಕಾದರೂ ನೀರು ಕುಡಿಯಬಹುದಿತ್ತು. ಕರೆಯುವ ರೂಢಿಯೇ ಜನರಿಗೆ ತಪ್ಪಿಹೋಗಿತ್ತು. ದಿನವಿಡೀ ಮಾತಾಡಲು ಇದ್ದವಳು ಜಯಮ್ಮ ಒಬ್ಬಳೇ.

ಹೋದ ವರ್ಷ, ಆಟದ ಕಾಲದ ಕೊನೆಯ ಶನಿವಾರ ಸಂಜೆ, ಅವಳು ಬಟ್ಟೆ ಮಡಿಸುತ್ತ ಕೂತಿದ್ದವಳು ಹಾಗೇ ಒರಗಿದಳು. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟೂ ಅವಕಾಶ ಕೊಡಲಿಲ್ಲ. ಮೈಸೂರಿನಿಂದ ಮಗಳು, ಅಳಿಯ ಬಂದರು. ಭಾನುವಾರ ಮಧ್ಯಾಹ್ನ ಮಣ್ಣು ಎಂದು ನಿಶ್ಚಯವಾಯಿತು.

ಆ ಭಾನುವಾರವೇ ನಮ್ಮ ಪಾಲಹಳ್ಳಿಯ ಹುಡುಗರು ಚಿನಕುರಳಿಗೆ ಹೋಗಿ ಆಡಬೇಕಿತ್ತು. ಎರಡೂ ತಂಡ ಮೇಲಿನ ಪಂಕ್ತಿಯ ಕೊನೆಯ ತುದಿಯಲ್ಲಿದ್ದವು. ಸೋತವರು ಇಳಿಯಬೇಕು. ನಮ್ಮ ಹುಡುಗರು ಆಟದ ಬಟ್ಟೆ ಬಿಟ್ಟು ಲುಂಗಿ ಸುತ್ತಿಕೊಂಡು ನನ್ನ ಮನೆಯ ಮುಂದೆ ನಿಂತಿದ್ದರು. "ನೀವು ಹೋಗಿ ಆಡಿ ಕಣ್ರಪ್ಪಾ" ಎಂದೆ. "ಊರಲ್ಲಿ ಅವ್ವುನ್ನ ಮಡಿಕ್ಕೊಂಡು ಎಂಗ್ ಸಾ ಆಡದು?" ಎಂದರು. ನನ್ನ ಹೆಂಡತಿ ಸತ್ತದ್ದಕ್ಕೆ ನನ್ನ ಊರು ಇಳಿಯುತ್ತದೆ. ಬೋರ ತನ್ನ ಊರಿನ ಅಂಕಣದಲ್ಲಿ ಹುಡುಗರನ್ನು ಸುಮ್ಮನೆ ನಿಲ್ಲಿಸಿದರೆ ಸಾಕು, ಗೆಲುವು ಅವನದು. ನ್ಯಾಯವೂ ಅದೇ. ಅಷ್ಟು ದುಃಖದಲ್ಲೂ ನನ್ನ ತಲೆ ಆ ಲೆಕ್ಕ ಹಾಕಿತು, ಅಂಪೈರಿನ ತಲೆ ನೋಡಿ.

ಹೂವು ಕಟ್ಟಿ ಚಟ್ಟ ಎತ್ತುವ ಹೊತ್ತಿಗೆ ಬೀದಿಯ ತುದಿಯಲ್ಲಿ ಟ್ರಾಕ್ಟರು ನಿಂತ ಸದ್ದಾಯಿತು. ಟ್ರೇಲರಿನಿಂದ ಹುಡುಗರು ಒಬ್ಬೊಬ್ಬರಾಗಿ ಇಳಿದರು. ಚಿನಕುರಳಿಯ ತಂಡ, ಪೂರ್ತಿ ತಂಡ. ಕಡೆಗೆ ಇಳಿದವನು ಬೋರ. ತಲೆ ಎಲ್ಲ ಬೆಳ್ಳಗಾಗಿತ್ತು. ನೇರ ಬಂದು ನನ್ನ ಮುಂದೆ ನಿಂತ.

"ಲೇ ಬೋರ, ಆಟ?" ಎಂದೆ. ನನ್ನ ಬಾಯಲ್ಲಿ ಬಂದದ್ದು ಅದೊಂದೇ ಮಾತು.

"ಎಲ್ಡ್ ಕಡ್ಯೋರೂ ಬರ್ದಿದ್ರೆ ಸೋಲು ಯಾರ್ಗೂ ಇಲ್ಲ ಅಂತ ನೀನೇ ಬರ್ಸಿದ್ದಲ್ವೇನ್ಲಾ ಪುಟ್ಟ? ನಾವೂ ಅಂಕಣ್ಕೆ ಓಗ್ನಿಲ್ಲ. ಇಲ್ಲಿಗ್ ಬಂದೋ. ರೂಲ್ಸು ಮುರ್ದಿಲ್ಲ ಕಣ್ಲಾ."

ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಬೋರನ ಭುಜ ಹಿಡಿದುಕೊಂಡು ಬೀದಿಯಲ್ಲಿ ಎಲ್ಲರ ಮುಂದೆ ಅತ್ತೆ.

ಜಯಮ್ಮನನ್ನು ಹೊತ್ತದ್ದು ಎರಡೂ ಊರಿನ ಹುಡುಗರು, ಹೆಗಲು ಬದಲಾಯಿಸಿಕೊಂಡು. ಬೋರ ನನಗಿಂತ ಮೊದಲು ಬಗ್ಗಿ ಮಣ್ಣು ತೆಗೆದು ನನ್ನ ಕೈಗೆ ಕೊಟ್ಟ. ಸ್ನಾನ ಮಾಡಿ ಬಂದ ಮೇಲೆ, ನಮ್ಮ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲವಲ್ಲ, ಅವನು ಪಕ್ಕದ ಮನೆಯಿಂದ ಕಾಫಿ ಇಸಿದುಕೊಂಡು ಬಂದ. "ಕುಡಿ ಕಣ್ಲಾ. ಉಗಾದಿ ಇನ್ನೂ ಆಗಿಲ್ಲ, ಆದ್ರೂ ಕುಡಿ, ನೀನೀಗ ಅಂಪೈರಲ್ಲ" ಎಂದ. ಕುಡಿದೆ.

ಆ ಹೊತ್ತಿನಲ್ಲಿ ಚಿನಕುರಳಿಯ ಅಂಕಣದಲ್ಲಿ ಹೊಸ ಅಂಪೈರೊಬ್ಬ ಗಡಿಯಾರ ಹಿಡಿದು ಒಬ್ಬನೇ ನಿಂತಿದ್ದನಂತೆ. ಎರಡೂ ಕಡೆ ಖಾಲಿ ಮ್ಯಾಟು. ನಿಯಮದಂತೆ ಕಾದು, ನಿಯಮದಂತೆ ವಿಷಲ್ ಊದಿ, ಬುತ್ತಿ ತೆಗೆದುಕೊಂಡು ಹೋದನಂತೆ. ಆ ಹುಡುಗನನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ತಿಥಿ ಮುಗಿದ ಮೇಲಿನ ಭಾನುವಾರ ಆಟ ಇಟ್ಟರು. ಜೀವಮಾನದಲ್ಲಿ ಮೊದಲ ಸಲ ಜನರ ನಡುವೆ ಕೂತು ನೋಡಲು ಚಿನಕುರಳಿಗೆ ಹೋದೆ. ಅಭ್ಯಾಸ ಬಿಡಬೇಕಲ್ಲ, ಡಬ್ಬಿಗೆ ನಾನೇ ಒಂದಷ್ಟು ಅವಲಕ್ಕಿ ಕಲಸಿ ತುಂಬಿಕೊಂಡಿದ್ದೆ. ಅದೇ ಹೊಸ ಅಂಪೈರು ಹೊಂಗೆ ಮರದಡಿ ಕೂತು ಬುತ್ತಿ ಬಿಚ್ಚುತ್ತಿದ್ದ. ಕಣ್ಣು ಕಣ್ಣು ಸೇರಿತು. ನಾನು ಮಾತಾಡಿಸಲಿಲ್ಲ. ಮಾತಾಡಿಸಬಾರದು.

ಆಟ ಕಡೆಯ ದಾಳಿಯ ತನಕ ಎಳೆಯಿತು. ನಮ್ಮ ಪಾಲಹಳ್ಳಿ ಗೆದ್ದಿತು. ಚಿನಕುರಳಿ ಇಳಿಯಿತು.

ಸುಮ್ಮನೆ ನಿಂತಿದ್ದರೆ ಉಳಿಯುತ್ತಿದ್ದ ಊರು, ನನ್ನ ಮನೆಯ ಸಾವಿಗೆ ಬಂದು ಇಳಿಯಿತು. ಎರಡನೇ ಸಲ ನನ್ನಿಂದ. ಬೋರನ ಮುಖ ನೋಡುವುದು ಹೇಗೆ ಎಂದು ನಾನು ಬಸ್ಸಿನ ಕಡೆ ಹೊರಟಿದ್ದೆ. ಹಿಂದಿನಿಂದ ಬಂದು ಡಬ್ಬಿಯನ್ನೇ ಹಿಡಿದುಕೊಂಡ.

"ಎಲ್ಗ್ಲಾ ಓಯ್ತಾ ಇದ್ದಿಯೆ?"

"ಏನ್ ಹೇಳ್ಲೋ ಬೋರ ನಿಂಗೆ..."

"ಏನೂ ಏಳ್ಬೇಡ. ಅವತ್ತು ಆಡ್ದೆ ಇಳ್ದಿದ್ದೋ, ಅದು ನುಂಗಕ್ಕಾಯ್ತಿರ್ನಿಲ್ಲ. ಇವತ್ತು ಆಡಿ ಸೋತಿದ್ದೀವಿ. ಮುಂದ್ಲೊರ್ಸ ಮೇಲಕ್ ಅತ್ಕೊಂಡ್ ಬತ್ತೀವಿ ಬುಡು. ಬಾ ಉಣ್ಣು."

ಹೋದೆ. ಕುರ್ಚಿ ಯಾರೂ ತರಲಿಲ್ಲ. ಜಗಲಿಯ ಮೇಲೆ, ಚಿಕ್ಕತಾಯಮ್ಮ ಕೂರುತ್ತಿದ್ದ ಕಂಬದ ಪಕ್ಕ ಕೂತು ಉಂಡೆ. ಬೋರನ ಹೆಂಡತಿ ನನ್ನ ಡಬ್ಬಿಯ ಅವಲಕ್ಕಿಯನ್ನು ಮೂಸಿ ನೋಡಿ, "ಇದೇನಣ್ಣ, ಇದ್ನ ತಿಂದು ಬದ್ಕಿದ್ದೀರಾ?" ಎಂದು ಕೋಳಿಗೆ ಸುರಿದು, ಕೆಳಗಿನ ಅಂತಸ್ತಿಗೆ ಮುದ್ದೆ ಸಾರು, ಮೇಲಿನದಕ್ಕೆ ಮೊಸರನ್ನ ತುಂಬಿಕೊಟ್ಟಳು.

ಕಮಿಟಿಯವರೇ, ನನ್ನ ಅಭಿಪ್ರಾಯ ಇದು. ಪಂಕ್ತಿ ಇಳಿಸುವ ನಿಯಮ ಇರಲಿ. ಬರದವರಿಗೆ ಸೋಲು ಎನ್ನುವುದೂ ಇರಲಿ, ಅದಕ್ಕೆ ಕಾರಣ ಕೇಳುವ ಹೊಸ ಸಾಲು ಸೇರಿಸಬೇಡಿ. ಎರಡೂ ಕಡೆಯವರು ಬರದಿದ್ದರೆ ಸೋಲು ಯಾರಿಗೂ ಇಲ್ಲ ಎನ್ನುವ ಆ ಹಳೆಯ ಸಾಲನ್ನು ಮಾತ್ರ ಯಾವ ಕಾಲಕ್ಕೂ ಅಳಿಸಬೇಡಿ. ಈ ವರ್ಷ ಕೆಳಗಿನ ಪಂಕ್ತಿಯಲ್ಲಿ ತಂಡ ಆಡಿಸುತ್ತಿರುವ ಬೋರನನ್ನೂ ಕೇಳಿದೆ, ಅವನೂ ಇದನ್ನೇ ಹೇಳಿದ.

ಅವತ್ತು ಹೊತ್ತು ಮುಳುಗುವ ಮೊದಲು ಮನೆಗೆ ಬಂದೆ. ಬೀಗ ತೆಗೆದು, ಡಬ್ಬಿಯನ್ನು ಅವಳು ಯಾವಾಗಲೂ ಇಸಿದುಕೊಳ್ಳು‍ತ್ತಿದ್ದ ಅಡುಗೆಮನೆಯ ಬಾಗಿಲಿನವರೆಗೂ ತೆಗೆದುಕೊಂಡು ಹೋಗಿ ನಿಂತೆ. ಇಷ್ಟು ವರ್ಷ ತುಂಬಿ ಕಳಿಸಿದ ಡಬ್ಬಿಯನ್ನು ಖಾಲಿ ಮಾಡಿ ತರುತ್ತಿದ್ದೆ. ಅವತ್ತು ಪರ ಊರಿನಿಂದ ತುಂಬಿಕೊಂಡು ಬಂದಿತ್ತು. "ಜಯಾ, ಕೊಟ್ರು ಕಣೆ, ನೋಡು" ಎಂದು ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ಒಂದು ತಟ್ಟೆ ಹಾಕಿಕೊಂಡು ಉಣ್ಣಲು ಕೂತೆ.